ಧೀರೇಂದ್ರನಾಥ ದತ್ತರು ಕೇಳಿದ್ದು ಇಷ್ಟೇ

ಪೂರ್ವ ಬಂಗಾಳದ ಭಾಷಾ ಚಳವಳಿ ಎಂದೊಡನೆ ಎಲ್ಲರಿಗೂ ನೆನಪಾಗುವುದು 1952ರ ಫೆಬ್ರುವರಿ 21. ಢಾಕಾದಲ್ಲಿ ಪೊಲೀಸರ ಗುಂಡಿಗೆ ವಿದ್ಯಾರ್ಥಿಗಳು ಬಲಿಯಾದ ಆ ದಿನವನ್ನೇ 1999ರಲ್ಲಿ ಯುನೆಸ್ಕೊ ಅಂತರರಾಷ್ಟ್ರೀಯ ಮಾತೃಭಾಷಾ ದಿನವೆಂದು ಘೋಷಿಸಿತು. ಆದರೆ ಈ ಕಥೆಯನ್ನು ನಾಲ್ಕು ವರ್ಷ ಹಿಂದಿನಿಂದ, ಕರಾಚಿಯಿಂದ ಹೇಳಬೇಕು. 1948ರ ಫೆಬ್ರುವರಿ 25ರಂದು ಪಾಕಿಸ್ತಾನದ ಸಂವಿಧಾನ ಸಭೆಯಲ್ಲಿ ಕುಮಿಲ್ಲಾದ ವಕೀಲ ಧೀರೇಂದ್ರನಾಥ ದತ್ತ ಒಂದು ತಿದ್ದುಪಡಿ ಮಂಡಿಸಿದರು. ಸದಸ್ಯರು ಉರ್ದು ಇಲ್ಲವೇ ಇಂಗ್ಲಿಷಿನಲ್ಲಿ ಮಾತನಾಡಬೇಕೆಂಬ ಸದನದ ನಿಯಮಕ್ಕೆ ಬಂಗಾಳಿಯನ್ನೂ ಸೇರಿಸಿ ಎಂದರು. ಉರ್ದು ಬೇಡ ಎನ್ನಲಿಲ್ಲ, ಪ್ರತ್ಯೇಕ ನಾಡು ಬೇಕೆನ್ನಲಿಲ್ಲ.

ಆಗ ಅವರಿಗೆ 61 ವರ್ಷ. ಬ್ರಾಹ್ಮಣಬಾರಿಯಾದ ರಾಮರೈಲ್ ಗ್ರಾಮದಲ್ಲಿ 1886ರಲ್ಲಿ ಹುಟ್ಟಿದವರು. ತಂದೆ ಮುನ್ಸಿಫ್ ಕೋರ್ಟಿನ ಶಿರಸ್ತೇದಾರ. ಕೋಲ್ಕತ್ತದಲ್ಲಿ ಕಾನೂನು ಓದಿ 1911ರಲ್ಲಿ ಕುಮಿಲ್ಲಾದಲ್ಲಿ ವಕೀಲಿಕೆ ಶುರು ಮಾಡಿದರು. ಗಾಂಧೀಜಿಯ ಕರೆಗೆ ಓಗೊಟ್ಟು ಕಾಂಗ್ರೆಸ್ಸಿನ ಚಳವಳಿಗಿಳಿದರು, ಜೈಲು ಕಂಡರು, 1942ರಲ್ಲಿ ಮತ್ತೆ ಬಂಧನಕ್ಕೊಳಗಾದರು. ಈ ನಡುವೆ 1937ರಲ್ಲಿ ಬಂಗಾಳ ಶಾಸನಸಭೆಗೂ ಆಯ್ಕೆಯಾಗಿದ್ದರು. ಬೀದಿಯ ಹೋರಾಟ, ಸದನದ ಕಲಾಪ ಎರಡರಲ್ಲೂ ನುರಿತ ಮನುಷ್ಯ.

ಆ ದಿನದ ಭಾಷಣವನ್ನು ಇವತ್ತು ಓದಿದರೂ ಅದರ ಹದ ಬೆರಗು ಹುಟ್ಟಿಸುತ್ತದೆ. ಬಂಗಾಳಿಯ ಸೊಬಗು, ಸಾಹಿತ್ಯದ ಹಿರಿಮೆಯನ್ನು ಹೊಗಳುತ್ತಾ ಕೂರದೆ ಅವರು ಮುಂದಿಟ್ಟದ್ದು ಲೆಕ್ಕ: ದೇಶದ 6.9 ಕೋಟಿ ಜನರಲ್ಲಿ 4.4 ಕೋಟಿ ಜನ ಬಂಗಾಳಿ ಆಡುವವರು. ಆಮೇಲೆ ಸದನವನ್ನು ಹಳ್ಳಿಯ ಅಂಚೆ ಕಚೇರಿಗೆ ಕರೆದೊಯ್ದರು. ಬಡ ರೈತನ ಮಗ ಢಾಕಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾನೆ. ಮಗನಿಗೆ ದುಡ್ಡು ಕಳಿಸೋಣವೆಂದು ಹೋದರೆ ಮನಿಆರ್ಡರ್ ಫಾರಂ ಉರ್ದುವಿನಲ್ಲಿದೆ. ಅದನ್ನು ಓದಿಸಿಕೊಳ್ಳಲು ದೂರದ ಪಟ್ಟಣಕ್ಕೆ ಓಡಬೇಕು. ಜಮೀನು ಕೊಳ್ಳುವವನು ಛಾಪಾ ಕಾಗದಕ್ಕೆ ಹಣ ತೆರುತ್ತಾನೆ, ಕೊಟ್ಟ ದುಡ್ಡಿನಷ್ಟು ಬೆಲೆಯ ಕಾಗದ ಸಿಕ್ಕಿತೇ ಎಂದು ತಿಳಿಯುವ ದಾರಿಯೇ ಅವನಿಗಿಲ್ಲ. ಕೋರ್ಟು ಕಚೇರಿಗಳ ಕಾಗದದ ಮುಂದೆ ರೈತ ಹೇಗೆ ನಿಲ್ಲುತ್ತಾನೆಂದು ಬಲ್ಲವರು ಮಾತ್ರ ಹೀಗೆ ವಾದಿಸಬಲ್ಲರು. ಭಾಷೆಯ ಪ್ರಶ್ನೆಯನ್ನು ಅಭಿಮಾನದಿಂದ ಬಿಡಿಸಿ ಆಡಳಿತದ ನ್ಯಾಯಕ್ಕೆ ಜೋಡಿಸಿದ್ದೇ ದತ್ತರ ದೊಡ್ಡ ಕೊಡುಗೆ ಎಂದು ನಾನು ನಂಬುತ್ತೇನೆ.

ಪ್ರಧಾನಿ ಲಿಯಾಖತ್ ಅಲಿ ಖಾನ್ ಈ ವಾದಕ್ಕೆ ಉತ್ತರ ಕೊಡಲೇ ಇಲ್ಲ. ಮುಸ್ಲಿಂ ರಾಷ್ಟ್ರಕ್ಕೆ ಮುಸ್ಲಿಮರ ಭಾಷೆಯೇ ಇರಬೇಕು, ತಿದ್ದುಪಡಿಯ ಉದ್ದೇಶ ಒಡಕು ತರುವುದು ಎಂದರು. ಪೂರ್ವ ಬಂಗಾಳದ ಮುಖ್ಯಮಂತ್ರಿ ಖ್ವಾಜಾ ನಾಜಿಮುದ್ದೀನ್ ತಮ್ಮ ಜನರಿಗೂ ಉರ್ದುವೇ ಬೇಕು ಎಂದು ದನಿಗೂಡಿಸಿದರು. ಕೆಲವೇ ಕಾಂಗ್ರೆಸ್ ಸದಸ್ಯರು ದತ್ತರ ಜೊತೆ ನಿಂತರು, ತಿದ್ದುಪಡಿ ಬಿದ್ದುಹೋಯಿತು. ಬಹುಸಂಖ್ಯಾತರ ಭಾಷೆಯ ಪರ ಮಾತನಾಡಿದವರು ಅಲ್ಪಸಂಖ್ಯಾತ ಧರ್ಮದವರಾಗಿದ್ದರು ಎಂಬುದೇ ಅವರ ಬಾಯಿ ಮುಚ್ಚಿಸಲು ಸಾಕಾಯಿತು. 1967ರಲ್ಲಿ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದಾಗ ನಮ್ಮ ಸಂವಿಧಾನದ 120ನೇ ವಿಧಿಯಲ್ಲಿ ಅದಕ್ಕೊಂದು ಎಡೆ ಇತ್ತು. ಅಂಥದೊಂದು ಎಡೆಯನ್ನು ಕರಾಚಿಯಲ್ಲಿ ಅಂದೇ ಬಿಟ್ಟಿದ್ದರೆ ಪಾಕಿಸ್ತಾನ ಒಡೆಯುತ್ತಲೇ ಇರಲಿಲ್ಲ ಎನ್ನಲಾಗದು; ಅಧಿಕಾರ, ಹಣಕಾಸಿನ ಹಂಚಿಕೆಯ ಜಗಳಗಳೂ ಇದ್ದವು. ಆದರೆ ಅಹವಾಲನ್ನು ದ್ರೋಹವೆಂದು ಕಾಣುವ ಚಾಳಿ ಅಲ್ಲಿಂದಲೇ ಬೇರೂರಿತು. ಮಾರ್ಚ್ 11ರಂದು ಪೂರ್ವ ಬಂಗಾಳದಲ್ಲಿ ಮುಷ್ಕರ ನಡೆಯಿತು. ಅದೇ ತಿಂಗಳು ಢಾಕಾಕ್ಕೆ ಬಂದ ಜಿನ್ನಾ, ಉರ್ದುವೊಂದೇ ರಾಷ್ಟ್ರಭಾಷೆ ಎಂದು ಸಾರಿದರು. 1956ರ ಸಂವಿಧಾನದಲ್ಲಿ ಬಂಗಾಳಿಗೆ ಸ್ಥಾನ ಸಿಗುವ ಹೊತ್ತಿಗೆ ರಕ್ತ ಹರಿದಾಗಿತ್ತು.

ದತ್ತರು ಹೊರಟುಹೋಗಬಹುದಿತ್ತು. 1950ರ ಗಲಭೆಗಳ ನಂತರ ಪೂರ್ವ ಬಂಗಾಳದ ಹಿಂದೂಗಳು ಗುಂಪುಗುಂಪಾಗಿ ಗಡಿ ದಾಟಿದರು. ಪಾಕಿಸ್ತಾನದ ಕಾನೂನು ಸಚಿವರಾಗಿದ್ದ ಜೋಗೇಂದ್ರನಾಥ ಮಂಡಲರೇ ರಾಜೀನಾಮೆ ಕೊಟ್ಟು ಭಾರತಕ್ಕೆ ಬಂದರು. ಮಂಡಲರ ನಿರ್ಧಾರವನ್ನು ಹಳಿಯುವ ಹಕ್ಕು ಯಾರಿಗೂ ಇಲ್ಲ. ದತ್ತರು ಮಾತ್ರ ಕುಮಿಲ್ಲಾ ಬಿಡಲಿಲ್ಲ. 1956ರಿಂದ 58ರವರೆಗೆ ಪ್ರಾಂತ್ಯದ ಮುಖ್ಯಮಂತ್ರಿ ಅತಾವುರ್ ರಹಮಾನ್ ಖಾನರ ಸಂಪುಟದಲ್ಲಿ ಆರೋಗ್ಯ ಸಚಿವರಾದರು. ಅಯೂಬ್ ಖಾನ್ ಆಡಳಿತ ಅವರನ್ನು ರಾಜಕಾರಣದಿಂದ ಹೊರಗಿಟ್ಟಿತು, 1965ರ ಯುದ್ಧಕಾಲದಲ್ಲಿ ಗೃಹಬಂಧನದಲ್ಲಿ ಇರಿಸಿತು. 1971ರ ಮಾರ್ಚ್ 29ರ ರಾತ್ರಿ ಪಾಕಿಸ್ತಾನಿ ಸೈನಿಕರು ಕುಮಿಲ್ಲಾದ ಮನೆಗೆ ನುಗ್ಗಿ, 84ರ ವೃದ್ಧರನ್ನೂ ಅವರ ಮಗ ದಿಲೀಪ್ ಕುಮಾರರನ್ನೂ ಮೈನಾಮತಿಯ ಸೇನಾ ದಂಡುಪ್ರದೇಶಕ್ಕೆ ಎಳೆದೊಯ್ದು ಚಿತ್ರಹಿಂಸೆ ಕೊಟ್ಟು ಕೊಂದರು. ಕರಾಚಿಯ ಆ ಭಾಷಣವನ್ನು 23 ವರ್ಷಗಳಾದರೂ ಸೇನೆ ಮರೆತಿರಲಿಲ್ಲವೆಂದೇ ತೋರುತ್ತದೆ.

ದತ್ತರನ್ನು ಹುತಾತ್ಮರ ಪಟ್ಟಿಗೆ ಸೇರಿಸಿ ಸುಮ್ಮನಾದರೆ ಅವರ ವಾದದ ಮೊನಚು ಹೋಗುತ್ತದೆ. ಪೂರ್ವ ಬಂಗಾಳ ಬಾಂಗ್ಲಾದೇಶವಾದ ಮೇಲೆ ಅಲ್ಲೇ ಆ ವಾದ ಬಲುಬೇಗ ಪರೀಕ್ಷೆಗೊಳಗಾಯಿತು. 1972ರಲ್ಲಿ ಹೊಸ ದೇಶದ ಸಂವಿಧಾನ ಸಭೆ ಪ್ರಜೆಗಳೆಲ್ಲ ಬಂಗಾಳಿಗಳು ಎಂದು ಬರೆಯಲು ಹೊರಟಾಗ ಚಿತ್ತಗಾಂಗ್ ಗುಡ್ಡಗಾಡಿನ ಸದಸ್ಯ ಮಾನವೇಂದ್ರ ನಾರಾಯಣ ಲಾರ್ಮಾ ಎದ್ದು ನಿಂತು, ತಾನು ಚಕ್ಮಾ, ಬಂಗಾಳಿ ಅಲ್ಲ ಎಂದರು. ಅವರ ಆಕ್ಷೇಪವನ್ನೂ ಸದನ ತಳ್ಳಿಹಾಕಿತು. ಗುಡ್ಡಗಾಡಿನಲ್ಲಿ ಮುಂದೆ ಎದ್ದ ಸಶಸ್ತ್ರ ಹೋರಾಟ ಒಂದು ಒಪ್ಪಂದಕ್ಕೆ ಬಂದು ನಿಂತದ್ದು 1997ರಲ್ಲಿ.