ಎರಡನೇ ಸಿಮ್ಮೂ ಪ್ರಗತಿಯ ಲೆಕ್ಕಕ್ಕೆ?



ನೆಟ್‌ವರ್ಕ್ ಸನ್ನದ್ಧತೆ ಸೂಚ್ಯಂಕದಲ್ಲಿ 2023ರಲ್ಲಿ 60ನೇ ಸ್ಥಾನದಲ್ಲಿದ್ದ ಭಾರತ 2024ರಲ್ಲಿ 49ಕ್ಕೇರಿತು ಎಂದು ಸರ್ಕಾರ ಬೆನ್ನು ತಟ್ಟಿಕೊಂಡಿತು. ಸಂತೋಷ. ಆದರೆ ಇಂಥ ಪಟ್ಟಿಗಳು ಎಣಿಸುವುದೇನನ್ನು ಎಂದು ಯಾರೂ ಕೇಳುತ್ತಿಲ್ಲ.

ಜಿನೀವಾದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2017ರಲ್ಲಿ 176 ದೇಶಗಳ ಪಟ್ಟಿ ಮಾಡಿ ನಮ್ಮನ್ನು 134ನೇ ಸ್ಥಾನದಲ್ಲಿ ಕೂರಿಸಿತ್ತು. ನೂರು ಜನರಿಗೆ ಎಷ್ಟು ಮೊಬೈಲ್ ಸಂಪರ್ಕ ಎಂಬುದು ಅದರ ಅಳತೆಗಳಲ್ಲೊಂದಾಗಿತ್ತು. ನಮ್ಮ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಹೇಳುವ ದೂರವಾಣಿ ಸಾಂದ್ರತೆಯೂ ಇದೇ ಲೆಕ್ಕ: ಎಣಿಕೆ ಸಂಪರ್ಕದ್ದು, ಮನುಷ್ಯರದ್ದಲ್ಲ.

ಭಟ್ಕಳದ ನಮ್ಮ ಮಾವಿನಕುರ್ವೆಗೆ ಬಂದು ನೋಡಿ. ಬಂದರಿನಲ್ಲಿ ಬಲೆ ಹೆಣೆಯುವವರ ಕಿಸೆಯಲ್ಲಿ ಎರಡು ಸಿಮ್ಮಿನ ಫೋನು. ಶೋಕಿಗಲ್ಲ ಸ್ವಾಮಿ. ಒಂದು ಕಂಪನಿಯ ಸಿಗ್ನಲ್ ಧಕ್ಕೆಯಲ್ಲಿ ಸಿಕ್ಕರೆ ಮನೆಯೊಳಗೆ ಸಿಗುವುದಿಲ್ಲ, ಇನ್ನೊಂದರದ್ದು ತದ್ವಿರುದ್ಧ. ಅಂದರೆ ಸೇವೆ ಕೆಟ್ಟಷ್ಟೂ ಸಿಮ್ ಹೆಚ್ಚುತ್ತದೆ, ಸಿಮ್ ಹೆಚ್ಚಿದಷ್ಟೂ ಪ್ರಗತಿ! ಆ ಫೋನೂ ಬೋಟಿನೊಂದಿಗೆ ಕಡಲಿಗೆ ಹೋದರೆ ಮನೆಯಲ್ಲಿ ಉಳಿಯುವುದು ಶೂನ್ಯ. ಅಲೆ-ಗಾಳಿಯ ಮುನ್ಸೂಚನೆ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್‌ನಿಂದ ಹೊರಟರೆ ಸಾಲದು, ದಡ ಬಿಡುವ ಮೊದಲು ಕೈಸೇರಬೇಕಲ್ಲ? ಪಡಿತರಕ್ಕೆ ಹೆಬ್ಬೆಟ್ಟು ಒತ್ತಿ ಸರ್ವರ್ ಬರುವುದನ್ನು ಕಾಯುವ ಅಜ್ಜಿಯರ ಹೊತ್ತಂತೂ ಯಾವ ಸೂಚ್ಯಂಕದಲ್ಲೂ ಇಲ್ಲ.

ಟ್ರಾಯ್ ಅಂಕಿಗಳಲ್ಲಿ ಇಡೀ ಕರ್ನಾಟಕ ಒಂದೇ ವಲಯ. ಎಷ್ಟೋ ಜನ ಎರಡು ಮೂರು ಸಿಮ್ ಇಟ್ಟುಕೊಂಡ ಬೆಂಗಳೂರಿನ ಜೊತೆ ನಮ್ಮನ್ನು ಕೂಡಿಸಿ ಭಾಗಿಸಿದರೆ ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಆ ಸರಾಸರಿಯಲ್ಲಿ ಮುಳುಗಿಹೋಗುತ್ತವೆ. ಘಟ್ಟದ ಬುಡದ ಊರುಗಳ ಪಾಡು ನಮಗಿಂತ ಕಡೆ. ಕೊರೊನಾ ಕಾಲದಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಕ್ಕಳು ಆನ್‌ಲೈನ್ ಪಾಠಕ್ಕೆ ಗುಡ್ಡ ಹತ್ತಿದ್ದನ್ನು ಪತ್ರಿಕೆಗಳೇ ಅಚ್ಚು ಹಾಕಿವೆ.

ಸ್ವತಃ ಜಿನೀವಾದ ಒಕ್ಕೂಟದವರೇ ಆ ಹಳೆಯ ಸೂಚ್ಯಂಕ ಕೈಬಿಟ್ಟು, 2023ರಲ್ಲಿ ಹೊಸದು ತಂದಾಗ ದೇಶಗಳಿಗೆ ಸ್ಥಾನ ಕೊಡುವುದನ್ನೇ ನಿಲ್ಲಿಸಿ ಅಂಕ ಮಾತ್ರ ಕೊಟ್ಟರು. ಸ್ಥಾನದ ಹುಚ್ಚು ಬಿಡದವರು ನಾವೇ.

ಕಂಪನಿಗಳು ಸಿಗ್ನಲ್ ನಕ್ಷೆ ಪ್ರಕಟಿಸಬೇಕೆಂದು ಟ್ರಾಯ್ 2024ರಲ್ಲಿ ನಿಯಮ ಮಾಡಿದೆ. ನಕ್ಷೆಯಲ್ಲಿ ಬಣ್ಣ ಬಳಿಯುವುದು ಕಂಪನಿಯೇ ಆದರೆ ಪ್ರಯೋಜನವೇನು? ಜಿಲ್ಲಾಡಳಿತ ಪಂಚಾಯತಿವಾರು ಅಳೆಸಲಿ, ಧಕ್ಕೆಯಲ್ಲೂ ಮನೆಯೊಳಗೂ, ಮಳೆಗಾಲದಲ್ಲೂ. ಸಿಕ್ಕ ಅಂಕಿಯನ್ನು ಗ್ರಾಮಸಭೆಯಲ್ಲಿ ಓದಿಸಲಿ.

— ಒಬ್ಬ ಓದುಗ, ಮಾವಿನಕುರ್ವೆ, ಭಟ್ಕಳ