ನೀರಿಗಿಳಿಯದೆ ಸಿಗುವ ಸರ್ಟಿಫಿಕೇಟು

ನಮ್ಮ ಸಂಘದಲ್ಲಿ ಸಾಫ್ಟ್‌ವೇರ್, ಮ್ಯಾನೇಜ್‌ಮೆಂಟ್ ಓದೋರ ನಡುವೆ ಒಂದಿಬ್ಬರಾದರೂ ಫಿಸಿಯೋಥೆರಪಿಯವರು ಇದ್ದೇ ಇರ್ತಾರೆ. ಊರಲ್ಲಿ ಬಿ.ಪಿ.ಟಿ. ಮುಗಿಸಿ ಬ್ರಿಟನ್ನಿಗೆ ಎಂ.ಎಸ್ಸಿ.ಗೆ ಬಂದವರು. ಕೋರ್ಸ್ ಮುಗಿಯುವ ಹೊತ್ತಿಗೆ ಎಲ್ಲರಿಗೂ ಒಂದೇ ಯೋಚನೆ: ಸಿ.ವಿ.ಗೆ ಇನ್ನೇನು ಸೇರಿಸೋಣ? ಆ ಪಟ್ಟಿಯಲ್ಲಿ ಈಗ ಅಕ್ವಾಟಿಕ್ ಫಿಸಿಯೋಥೆರಪಿಯೂ ಇದೆ. ಲ್ಯಾಪ್‌ಟಾಪ್ ಮುಂದೆ ಕೂತೇ ಮುಗಿಸಬಹುದಾದ ಕೋರ್ಸುಗಳೂ ಸಿಗುತ್ತವೆ. ನಮ್ಮ ಅಭಿಪ್ರಾಯ ಇಷ್ಟೇ: ಪೂಲಿಗೆ ಇಳಿಸದ ತರಬೇತಿಯನ್ನು ನಂಬಿ ರೋಗಿಯನ್ನು ನೀರಿಗೆ ಇಳಿಸಬಾರದು.

ಊರಲ್ಲಿ ಜಲಚಿಕಿತ್ಸೆ ಅಂದರೆ ಪ್ರಕೃತಿ ಚಿಕಿತ್ಸೆಯ ಟಬ್ ಸ್ನಾನ, ಉಗಿ ಸ್ನಾನ ನೆನಪಾಗುತ್ತದೆ. ಇದು ಅದಲ್ಲ. ಸುಮಾರು 33ರಿಂದ 35 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿನ ಪೂಲಿನಲ್ಲಿ ಫಿಸಿಯೋಥೆರಪಿಸ್ಟ್ ಮಾಡಿಸುವ ವ್ಯಾಯಾಮ. ಸೊಂಟದ ಮಟ್ಟದ ನೀರಲ್ಲಿ ನಿಂತರೆ ಕಾಲಿನ ಮೇಲೆ ದೇಹದ ತೂಕದ ಅರ್ಧದಷ್ಟು ಮಾತ್ರ ಬೀಳುತ್ತದೆ. ಎದೆಮಟ್ಟದಲ್ಲಿ ಸುಮಾರು ಮೂರನೇ ಒಂದು ಭಾಗ. ನೆಲದ ಮೇಲೆ ಹೆಜ್ಜೆ ಇಡಲಾಗದವರು ಇಲ್ಲಿ ನಡೆಯಬಲ್ಲರು.

ಇಷ್ಟನ್ನು ಪುಸ್ತಕದಿಂದ ಕಲೀಬಹುದು. ಕಷ್ಟ ಇರೋದು ಕೈಯಲ್ಲಿ. ನೆಲದ ಮೇಲೆ ರೋಗಿಯ ಕಾಲನ್ನು ಒತ್ತಿದರೆ ಮಂಚ ಅವರನ್ನು ಹಿಡಿದುಕೊಂಡಿರುತ್ತದೆ. ನೀರಲ್ಲಿ ಮಂಚ ಇಲ್ಲ. ನಾವು ತಳ್ಳಿದರೆ ಅವರು ಆ ಕಡೆ, ನಾವು ಈ ಕಡೆ. ಸ್ವಿಟ್ಜರ್ಲೆಂಡಿನ ಬಾಡ್ ರಾಗಾಜ್ ಪದ್ಧತಿಯಲ್ಲಿ ರೋಗಿ ಗಾಳಿ ತುಂಬಿದ ರಿಂಗುಗಳ ಮೇಲೆ ತೇಲುತ್ತಾರೆ. ಅವರಿಗೆ ಊರೋಕೆ ಇರುವ ಒಂದೇ ಆಧಾರ ಥೆರಪಿಸ್ಟಿನ ಕೈ. ಜೇಮ್ಸ್ ಮೆಕ್‌ಮಿಲನ್ 1949ರಲ್ಲಿ ಲಂಡನ್ನಿನಲ್ಲಿ ಶುರುಮಾಡಿದ ಹ್ಯಾಲಿವಿಕ್ ಪದ್ಧತಿಯ ಬಹುಪಾಲು, ನೀರಲ್ಲಿ ಮಗುಚುವ ದೇಹವನ್ನು ಹತೋಟಿಗೆ ತರುವ ಪಾಠವೇ. ಪಾರ್ಶ್ವವಾಯು ಆದವರ ದೇಹ ಒಂದು ಕಡೆಗೆ ಯಾವಾಗ ವಾಲುತ್ತೆ ಅನ್ನೋದು ವಿಡಿಯೋ ನೋಡಿದರೆ ಅಂಗೈಗೆ ಗೊತ್ತಾಗಲ್ಲ.

ಅಪಾಯವೂ ಇದೆ. ನೀರಿನ ಒತ್ತಡಕ್ಕೆ ಕಾಲಿನ ರಕ್ತ ಎದೆಯ ಕಡೆ ಸರಿಯುತ್ತದೆ. ಊದಿದ ಕಾಲಿಗೆ ಒಳ್ಳೆಯದು. ದುರ್ಬಲ ಹೃದಯಕ್ಕೆ ಹೊರೆ. ಮೂರ್ಛೆರೋಗ, ವಾಸಿಯಾಗದ ಗಾಯ, ಉಸಿರಾಟದ ತೊಂದರೆ ಇರೋರನ್ನು ಇಳಿಸೋ ಮುಂಚೆಯೇ ಗುರುತಿಸಬೇಕು. ನೀರಲ್ಲಿ ಯಾರಾದರೂ ಪ್ರಜ್ಞೆ ತಪ್ಪಿದರೆ ಎತ್ತಿ ಹೊರಗೆ ತರುವುದು ಹೇಗೆ? ಅದನ್ನು ಒದ್ದೆ ಮೈಯಲ್ಲೇ, ಮತ್ತೆ ಮತ್ತೆ ಅಭ್ಯಾಸ ಮಾಡಬೇಕು.

‘ಫೀಸು ಕಟ್ಟೋದೇ ಕಷ್ಟ, ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ದುಡಿಮೆ, ಆನ್‌ಲೈನ್ ಬಿಟ್ಟರೆ ಗತಿಯೇನು?’ ಅಂತ ಗೆಳೆಯರು ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಥಿಯರಿಯನ್ನು ಆನ್‌ಲೈನಿನಲ್ಲೇ ಓದಿ, ತಪ್ಪೇನಿಲ್ಲ. ಆದರೆ ಅದನ್ನೇ ಪೂರ್ತಿ ತರಬೇತಿ ಅಂತ ಮಾರಿದರೆ, ಇಲ್ಲದ ದುಡ್ಡು ಇನ್ನಷ್ಟು ಪೋಲು. ಇಲ್ಲಿ ಎ.ಟಿ.ಎ.ಸಿ.ಪಿ. ಅನ್ನೋ ಫಿಸಿಯೋಥೆರಪಿಸ್ಟರ ಸಂಘ ಈ ವಿಷಯಕ್ಕೆಂದೇ ಇದೆ. ವಿಚಾರಿಸೋಕೆ ಅಲ್ಲಿಂದ ಶುರುಮಾಡಬಹುದು. ಎಲ್ಲೇ ಸೇರಿದರೂ ಮೊದಲು ಮೂರು ಪ್ರಶ್ನೆ ಕೇಳಿ. ನೀರಲ್ಲಿ ಎಷ್ಟು ಗಂಟೆ? ನಾವೇ ರೋಗಿಯಾಗಿ ಇನ್ನೊಬ್ಬರ ಕೈಯಲ್ಲಿ ತೇಲುವ ಅಭ್ಯಾಸ ಇದೆಯಾ? ತುರ್ತು ರಕ್ಷಣೆಯನ್ನು ಮಾಡಿಸಿ ಪರೀಕ್ಷಿಸ್ತಾರಾ?

ನಮ್ಮಲ್ಲಿ ಕೆಲವರು ನಾಳೆ ಬೆಂಗಳೂರಿಗೋ ಮಂಗಳೂರಿಗೋ ವಾಪಸ್ ಹೋಗ್ತೀವಿ. ‘ಫಾರಿನ್ ಸರ್ಟಿಫಿಕೇಟು’ ನೋಡಿ ಜನ ನಂಬ್ತಾರೆ. ಈಜು ಬಾರದ ಅಜ್ಜಿಯೊಬ್ಬರು ಮಂಡಿ ಆಪರೇಷನ್ ಆದಮೇಲೆ ಜೀವ ಕೈಯಲ್ಲಿ ಹಿಡಿದು ನೀರಿಗೆ ಇಳೀತಾರೆ. ಅವರು ಹಿಡಿದುಕೊಳ್ಳೋದು ನಮ್ಮ ಕೈಯನ್ನು, ಗೋಡೆ ಮೇಲಿನ ಸರ್ಟಿಫಿಕೇಟನ್ನಲ್ಲ.