ಕತ್ತಲೆ ಬಸದಿಯ ಕಂಬಗಳು

ಸಾಲಿಗ್ರಾಮದ ಗುರುನರಸಿಂಹನ ದರ್ಶನಕ್ಕೆ ಬರುವ ಯಾತ್ರಿಕರಲ್ಲಿ ಬಾರಕೂರಿನ ಹಾದಿ ಹಿಡಿಯುವವರು ವಿರಳ. ತೆಂಕಣಕ್ಕೆ ಬ್ರಹ್ಮಾವರದವರೆಗೆ ಸಾಗಿ ಒಳನಾಡಿಗೆ ಹೊರಳಿದರೆ ಸಿಗುವ ಈ ಊರಿನಲ್ಲಿ ಕತ್ತಲೆ ಬಸದಿಯ ಅವಶೇಷಗಳಿವೆ. ಹೆಸರಿಗೆ ಕತ್ತಲೆ, ಇಂದು ಮಂಟಪದ ತುಂಬ ಬಿಸಿಲು. ಮಾಡಿಲ್ಲದ ಕಂಬಗಳು ಸಾಲುಸಾಲಾಗಿ ನಿಂತು, ಒಂದು ಕಾಲದ ವೈಭವವನ್ನು ಸಾರುತ್ತಿವೆ.

ಆ ವೈಭವ ಸಾಮಾನ್ಯವಾದುದಲ್ಲ. ಬಾರಕೂರು ಆಳುಪ ಅರಸರ ರಾಜಧಾನಿಯಾಗಿತ್ತು. ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯವೆಂಬ ಪ್ರಾಂತಕ್ಕೆ ಕೇಂದ್ರವಾಯಿತು. ಬಾರಕೂರು ಗದ್ಯಾಣವೆಂಬ ನಾಣ್ಯದ ಹೆಸರು ಶಾಸನಗಳಲ್ಲಿ ಉಳಿದಿದೆ. 14ನೆಯ ಶತಮಾನದಲ್ಲಿ ಈ ಕರಾವಳಿಯನ್ನು ಹಾದುಹೋದ ಇಬ್ನ್ ಬತೂತ, ‘ಫಾಕನೂರ್’ ಎಂಬ ಹೆಸರಿನಿಂದ ಈ ಪಟ್ಟಣವನ್ನು ವರ್ಣಿಸಿ, ಇಲ್ಲಿಯ ಕಬ್ಬನ್ನು ಕೊಂಡಾಡಿದ್ದಾನೆ. ಅರಸನಿಗೆ ಸುಮಾರು 30 ಯುದ್ಧನೌಕೆಗಳಿದ್ದುದನ್ನೂ ಹೇಳಿದ್ದಾನೆ.

ಅಂಥ ಪಟ್ಟಣದಲ್ಲಿ ಉಳಿದುದು ಕಲ್ಲು ಮಾತ್ರವೇಕೆ? ಕರಾವಳಿಯ ಕಟ್ಟಡಗಳಲ್ಲಿ ಮರಕ್ಕೂ ಮುರಕಲ್ಲಿಗೂ ದೊಡ್ಡ ಪಾಲು. ಆರೈಕೆ ತಪ್ಪಿದೊಡನೆ ಮಳೆಗಾಲ ಮರವನ್ನು ಕರಗಿಸುತ್ತದೆ. ಕುಸಿದ ಗೋಡೆಯ ಮುರಕಲ್ಲು ಇನ್ನೊಂದು ಗೋಡೆಗೆ ಒದಗುತ್ತದೆ. ಗಟ್ಟಿ ಶಿಲೆಯ ಕಂಬ ಎರಡಕ್ಕೂ ಬಗ್ಗುವುದಿಲ್ಲ. 1430ರಲ್ಲಿ ಕಟ್ಟಲಾರಂಭಿಸಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯೂ ಇದೇ ಮಳೆಯನ್ನು ಉಂಡಿದೆ. ಅಲ್ಲಿ ಪೂಜೆ ನಿಲ್ಲಲಿಲ್ಲ. ಆದುದರಿಂದ ಮಾಡೂ ಉಳಿಯಿತು.

ಬಾರಕೂರಿನ ಕಂಬಗಳಿಗೆ ಇನ್ನು ಬೇಕಾದುದು ಹೊಸ ಮಾಡಲ್ಲ, ಸ್ಥಾನಭದ್ರತೆ. ತುಳುವನಾಡಿನ ಇತಿಹಾಸವನ್ನು ಕುರಿತು 1975ರಲ್ಲಿ ಬೃಹದ್ಗ್ರಂಥವನ್ನು ಪ್ರಕಟಿಸಿದ ಪಿ. ಗುರುರಾಜ ಭಟ್ಟರು ಗುಡಿ, ಮೂರ್ತಿ, ಶಾಸನಗಳನ್ನು ಅವುಗಳ ಊರಿನಲ್ಲಿಯೇ ಅರಸಿ ಪರಿಶೀಲಿಸಿದರು. ಶಾಸನದ ಕಲ್ಲು ನೆಟ್ಟ ಸ್ಥಳದಲ್ಲಿದ್ದರೆ ದಾನ ಪಡೆದ ಗುಡಿ ಯಾವುದು, ಕೇರಿ ಯಾವುದು ಎಂಬುದಕ್ಕೆ ಸಾಕ್ಷಿ ನುಡಿಯುತ್ತದೆ. ಅದನ್ನೇ ಕಿತ್ತೊಯ್ದು ಬಾವಿಯ ಬಳಿ ಹಾಸಿದರೆ ಅಕ್ಷರ ಸವೆಯುವ ಮೊದಲೇ ಅರ್ಥದ ಅರ್ಧ ಕಳೆದುಹೋಗುತ್ತದೆ.

ರಜೆಯಲ್ಲಿ ಮಕ್ಕಳೊಡನೆ ಸಾಲಿಗ್ರಾಮಕ್ಕೆ ಹೋಗುವವರು ಅರ್ಧ ದಿನವನ್ನು ಬಾರಕೂರಿಗೆ ಮೀಸಲಿಡಬಹುದು. ನೋಡಲು ಬರುವವರಿದ್ದಾರೆಂದು ತಿಳಿದ ಊರಿನಲ್ಲಿ ಕಲ್ಲುಗಳು ಸುಲಭವಾಗಿ ಕಾಣೆಯಾಗುವುದಿಲ್ಲ.